ಪಟ್ಟದ ಹೋರಿಯ ಹಿಂದೆ

ನನ್ನ ತಮ್ಮ ಪೆರಿಯಣ್ಣನ್ ಹೆಸರಿಗೆ ದೊಡ್ಡಣ್ಣ, ಬುದ್ಧಿಗೆ ಮಾತ್ರ ಹಾಲು ಕುಡಿಯುವ ಕೂಸು. ಅರವತ್ತಾರನೇ ಇಸವಿಯಲ್ಲಿ ಕಂಬಂನಿಂದ ದಿಂಡಿಗಲ್‌ವರೆಗಿನ ಓಟದ ಪಂದ್ಯ ಅವನಿಗೆ ಮೂರನೆಯದು. ಹಿಂದಿನ ಎರಡು ಸಲವೂ ಎರಡನೆಯವನಾಗಿಯೇ ಬಂದಿದ್ದ. ಮೂವತ್ತೈದು ದಾಟಿದವರನ್ನು ಸೇರಿಸುತ್ತಿರಲಿಲ್ಲ. ಅವನಿಗೆ ಉಳಿದಿದ್ದು ಆ ವರ್ಷ, ಬಿಟ್ಟರೆ ಇನ್ನೊಂದು. ಒಮ್ಮೆಯಾದರೂ ಮೊದಲು ಬರಬೇಕೆಂದು ಬೋಡಿಯ ಘಾಟಿ ಹತ್ತಿ ಇಳಿದು ಕಾಲು ಸವೆಸಿದ್ದ. ಅವನಿಗಿಂತ ನನಗೇ ಆ ಹಟ ಹೆಚ್ಚು. ಅಕ್ಕ ಕರುಪ್ಪಾಯಿಯ ಬಾಯಿಗೆ ಹೆದರಿಯೇ ತಮ್ಮ ಓಡುತ್ತಾನೆ ಎಂದು ಊರವರು ನಗುತ್ತಿದ್ದರು.

ಕತ್ತಲಲ್ಲೇ ಓಟ ಶುರುವಾಯಿತು. ನಾನು ಒಡ್ಡನ್‌ಛತ್ರಂನ ತರಕಾರಿ ಲಾರಿಯಲ್ಲಿ ನೀರು, ಗಂಜಿ ಇಟ್ಟುಕೊಂಡು ಹಿಂದೆ ಬರುತ್ತಿದ್ದೆ. ಉತ್ತಮಪಾಳ್ಯಂ ದಾಟುವಾಗ ಅವನೇ ಎಲ್ಲರಿಗಿಂತ ಮುಂದೆ. ಹೊತ್ತು ಹುಟ್ಟುವಾಗ ಹನುಮಂತನಪಟ್ಟಿ ಬಂತು. ದ್ರಾಕ್ಷಿ ತೋಟದ ಓಣಿಯಿಂದ ನಮ್ಮ ಕುಲದವರು ದೇವರಿಗೆ ಬಿಟ್ಟ ದನಗಳ ಮಂದೆಯೂ ರಸ್ತೆಗೆ ಬಂತು. ಮುಂದೆ ಪಟ್ಟದ ಹೋರಿ. ಅದು ಮಂದೆಯ ಅರಸು. ದಾರಿಯಲ್ಲಿ ಅದನ್ನು ಹಿಂದೆ ಹಾಕಿ ನಮ್ಮವರು ಯಾರೂ ಮುಂದೆ ಹೋಗುವುದಿಲ್ಲ.

ಓಡುತ್ತಿದ್ದ ತಮ್ಮ ನಿಂತ. ಕೈ ಮುಗಿದ. ಆಮೇಲೆ ಮದುವೆ ದಿಬ್ಬಣದ ಹಿಂದೆ ಬರುವವನ ಹಾಗೆ ನಿಧಾನಕ್ಕೆ ನಡೆಯತೊಡಗಿದ. ನನಗೆ ಮೈಯೆಲ್ಲ ಉರಿದುಹೋಯಿತು. ಪಕ್ಕದಲ್ಲಿ ನುಗ್ಗಿ ಹೋಗೋ ಎಂದು ಲಾರಿಯಿಂದಲೇ ಬಾಯಿಗೆ ಬಂದಂತೆ ಬೈದೆ. ಅವನು ತಿರುಗಿಯೂ ನೋಡಲಿಲ್ಲ. ಅಷ್ಟರಲ್ಲಿ ರಾಜೇಂದ್ರನ್ ಬಂದ. ಎರಡು ವರ್ಷವೂ ಗೆದ್ದವನು, ಬೋಡಿಯ ಏಲಕ್ಕಿ ವ್ಯಾಪಾರಿಯ ಮಗ. ನಮ್ಮವನೇ, ಆದರೆ ಪೇಟೆಯಲ್ಲಿ ಬೆಳೆದವನು. ಚಪ್ಪಾಳೆ ತಟ್ಟಿ ದನ ಚದುರಿಸಿ ದಾಟಿಹೋದ. ಅವನ ಹಿಂದೆ ಇನ್ನೂ ಮೂವರು ಹೋದರು. ಮಂದೆ ಗುಡ್ಡದ ದಾರಿ ಹಿಡಿಯುವವರೆಗೂ ಪೆರಿಯಣ್ಣನ್ ನಡೆದೇ ಬಂದ.

ಆಮೇಲೆ ಓಡಿದ ನೋಡಿ. ತೇನಿಯಲ್ಲಿ ಒಬ್ಬನನ್ನು, ಪೆರಿಯಕುಳಂನ ಮಾವಿನ ತೋಪುಗಳ ನಡುವೆ ಇಬ್ಬರನ್ನು ಹಿಂದೆ ಹಾಕಿದ. ವತ್ತಲಗುಂಡುವಿನ ಬಿಸಿಲಿಗೆ ಡಾಂಬರು ಕರಗಿ ಅಂಗಾಲಿಗೆ ಅಂಟುತ್ತಿತ್ತು. ಗಂಜಿ ಕೊಟ್ಟರೆ ಓಡುತ್ತಲೇ ಕುಡಿದ. ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ದಿಂಡಿಗಲ್ಲಿನ ಕೋಟೆ ಗುಡ್ಡ ಕಂಡಾಗ ಮುಂದಿದ್ದವನು ರಾಜೇಂದ್ರನ್ ಒಬ್ಬನೇ. ಅಂತರ ಕರಗುತ್ತಾ ಬಂತು. ಆದರೆ ರಸ್ತೆಯೇ ಮುಗಿದುಹೋಯಿತು. ಒಂದು ಲಾರಿಯುದ್ದ ಸಾಲಲಿಲ್ಲ.

ಮತ್ತೆ ಎರಡನೆಯವನು. ಬೇವಿನ ನೆರಳಲ್ಲಿ ಕುಳಿತವನ ಬೊಬ್ಬೆಯೆದ್ದ ಕಾಲಿಗೆ ನೀರು ಹಾಕುತ್ತಾ ನನಗೆ ಅಳು ಬಂತು. ಬರುವ ವರ್ಷವೂ ಹೋರಿ ಎದುರಾದರೆ ಏನು ಮಾಡುತ್ತೀಯ ಎಂದು ಕೇಳಿದೆ.

"ಕೈ ಮುಗ್ದು ನಡಿತೀನ್ ಅಕ್ಕಾ," ಅಂದ. "ಆದ್ರೆ ಹೊತ್ತು ಹುಟ್ಟೋಕ್ ಮುಂಚೆನೇ ಆ ಊರ ದಾಂಟ್ಬುಟ್ರೆ? ಆಗ ನಾ ಅದ್ರ ಮುಂದೆ ಹೋದಂಗಲ್ಲ. ಅದೇ ನನ್ ಹಿಂದೆ ಬಂದಂಗೆ."

ನಾನು ಕಣ್ಣೊರೆಸಿಕೊಂಡು, ನಾಳೆ ಎಷ್ಟು ಹೊತ್ತಿಗೆ ಎಬ್ಬಿಸಲಿ ಎಂದು ಕೇಳಿದೆ.