ಮೇಸ್ತ್ರಿ ಹೇಳಲಾರದ ಮಾತು

ನಮ್ಮ ಹುಟ್ಟುನೆಲವಾದ ಪೆರೋಸ್ ಬನ್ಯೋಸ್ ದ್ವೀಪಕ್ಕೆ ಹೋಗಿ ನಮ್ಮವರ ಗೋರಿಗಳನ್ನು ನೋಡಿ ಬರಲು ಬ್ರಿಟಿಷರು ಒಪ್ಪಿದ್ದಾರೆ ಎಂಬ ಸುದ್ದಿ ಬಂದ ದಿನ ಮಾರಿಷಸ್‌ನ ರೋಶ್ ಬ್ವಾದ ನಮ್ಮ ಕೇರಿಯಲ್ಲಿ ಮೊದಲು ಎಲ್ಲರೂ ಅತ್ತರು. ಆಮೇಲೆ ಕಣ್ಣೊರೆಸಿಕೊಂಡು, ನನ್ನ ಅಪ್ಪ ಅರಿಸ್ತಿದನಿಗೆ ಮಾತ್ರ ಹಡಗಿನಲ್ಲಿ ಜಾಗ ಕೊಡಕೂಡದೆಂದು ಜಗಳ ತೆಗೆದರು.

ಅವರದೇನೂ ತಪ್ಪಿಲ್ಲ. ದ್ವೀಪದ ತೆಂಗಿನ ತೋಟಕ್ಕೆ ಅಪ್ಪನೇ ಮೇಸ್ತ್ರಿಯಾಗಿದ್ದ. ಬ್ರಿಟಿಷರು ಡಿಯೆಗೊ ಗಾರ್ಸಿಯಾ ದ್ವೀಪವನ್ನು ಅಮೆರಿಕದ ಸೇನೆಗೆ ಬಿಟ್ಟುಕೊಟ್ಟು, ಸುತ್ತಲಿನ ದ್ವೀಪಗಳಲ್ಲೂ ಒಂದು ನರಪಿಳ್ಳೆ ಇರಬಾರದೆಂದು ಕೊನೆಯ ಹಡಗು ಕಳಿಸಿದಾಗ, ತೋಟದ ದೊರೆ ಅವನನ್ನು ಕರೆದು ಜನರನ್ನು ಹತ್ತಿಸುವ ಕೆಲಸ ವಹಿಸಿದ. ಅಪ್ಪ ಮನೆಮನೆಗೂ ಹೋಗಿ ಹೇಳಿದ: ಒಂದು ಪೆಟ್ಟಿಗೆ ಸಾಕು, ಕೋಳಿಗಳಿಗೆ ಕಾಳು ಹಾಕಿ ಬನ್ನಿ, ವರ್ಷದೊಳಗೆ ತಿರುಗಿ ಬರುತ್ತೇವೆ. ಸುಳ್ಳು ಹೇಳಿದ ಎಂದು ಜನ ಅನ್ನುತ್ತಾರೆ. ಇಲ್ಲ, ಅವನು ನಂಬಿದ್ದ. ದೊರೆ ಹೇಳಿದ್ದನ್ನು ನಂಬುವುದೇ ಅವನ ಕಸುಬಾಗಿತ್ತು. ನನಗೆ ಅವನ ಮೇಲೆ ಸಿಟ್ಟು ಬರುವುದೂ ಅದಕ್ಕೇ.

ಆ ಹಡಗು ನಮ್ಮನ್ನು ಮಾರಿಷಸ್‌ನಲ್ಲಿ ಸುರಿದು ಹೋದದ್ದು ಹೋಯಿತು. ಮೂವತ್ತು ವರ್ಷ ಕಳೆದ ಮೇಲೂ ಅಪ್ಪ ಹೆಂಡದಂಗಡಿಯ ಮುಂದೆ ಹಾದುಹೋದರೆ ಸಾಕು, ಯಾರಾದರೂ ಕೂಗುತ್ತಿದ್ದರು.

"ಏನ್ ಮೇಸ್ತ್ರಿ, ವಾಪಸ್ ಹಡಗು ಯಾವಾಗ?"

ಉಳಿದವರು ನಗುತ್ತಿದ್ದರು. ಅಪ್ಪ ತಲೆ ತಗ್ಗಿಸಿ ನಡೆದುಬಿಡುತ್ತಿದ್ದ. ಆ ಕುಹಕವೆಲ್ಲ ಅವನಿಗೆ ಅಭ್ಯಾಸವಾಗಿತ್ತು. ತಡೆಯಲಾಗದ್ದು ಮಾರ್ಸೆಲಿನ್ ಅತ್ತೆಯ ಮೌನ.

ಮಾರ್ಸೆಲಿನ್ ಅತ್ತೆ ನಮ್ಮ ಪಕ್ಕದ ಮನೆಯವಳು, ಅಲ್ಲೂ, ಇಲ್ಲೂ. ಹಡಗು ಬರುವ ಮುಂಚಿನ ವಾರವಷ್ಟೇ ಅವಳ ಹಸುಗೂಸು ತೀರಿಕೊಂಡಿತ್ತು. ಮಣ್ಣು ಮಾಡಿದ್ದಾಗಿತ್ತು, ಶಿಲುಬೆ ನೆಟ್ಟಿರಲಿಲ್ಲ. ಅವಳ ಗಂಡ ಅದಕ್ಕೆಂದು ಮರ ಕೆತ್ತುತ್ತಾ ಕೂತಿದ್ದಾಗ, ಹಡಗು ಕಾಯುವುದಿಲ್ಲ, ತಿರುಗಿ ಬಂದು ನೆಟ್ಟರಾಯಿತು ಎಂದು ಅಪ್ಪ ಅವರನ್ನು ಎಬ್ಬಿಸಿಕೊಂಡು ಬಂದ. ಅಂದಿನಿಂದ ಅವಳು ಅವನೊಡನೆ ಮಾತು ಬಿಟ್ಟಳು. ಒಂದೇ ನಲ್ಲಿಯಲ್ಲಿ ನೀರು ಹಿಡಿದರೂ, ಒಂದೇ ಇಗರ್ಜಿಯಲ್ಲಿ ಮೊಣಕಾಲೂರಿದರೂ ಇಲ್ಲ. ಸಾಯುವುದರೊಳಗೆ ಅವಳ ಬಾಯಿಂದ ಒಂದು ಮಾತು ಕೇಳಬೇಕು, ಬೈಗುಳವಾದರೂ ಸರಿ ಎಂದು ಅಪ್ಪ ಎಷ್ಟೋ ಸಲ ನನ್ನ ಹತ್ತಿರ ಹೇಳಿಕೊಂಡಿದ್ದ.

ಕೊನೆಗೆ ಕೇರಿಯ ಜಗಳ ಬಿಡಿಸಿದವಳೂ ಅವಳೇ. ಬರಲಿ ಬಿಡಿ, ತಾನು ಮಾಡಿದ್ದನ್ನು ಕಣ್ಣಾರೆ ನೋಡಲಿ ಎಂದಳಂತೆ. ಮೊಣಕಾಲು ಸೋತ ಮುದುಕನನ್ನು ಹಿಡಿದು ನಡೆಸಲೆಂದು ನನಗೂ ಜಾಗ ಸಿಕ್ಕಿತು.

ದಿನಗಟ್ಟಲೆ ನೀರು ನೋಡಿ ನೋಡಿ ಸಾಕಾದ ಮೇಲೆ ಜೊತೆಗೆ ಬಂದಿದ್ದ ಬ್ರಿಟಿಷ್ ಸೈನಿಕರು ಸಣ್ಣ ದೋಣಿಗಳಲ್ಲಿ ನಮ್ಮನ್ನು ದಡಕ್ಕೆ ಇಳಿಸಿದರು. ತೋಟ ಹೋಗಿ ಕಾಡಾಗಿತ್ತು. ಮನೆಗಳೊಳಗೇ ತೆಂಗಿನ ಮರಗಳೆದ್ದು ಸೂರು ಒಡೆದಿದ್ದವು. ಒಬ್ಬನೇ ಒಬ್ಬ ಸೈನಿಕ ಇಲ್ಲಿ ನೆಲೆಸಿದ ಗುರುತಿಲ್ಲ. ಅವರ ನೆಲೆ ಇರುವುದು ದೂರದ ಡಿಯೆಗೊ ಗಾರ್ಸಿಯಾದಲ್ಲಿ. ನಮ್ಮನ್ನು ಕಿತ್ತು ಬಿಸಾಡಿದ್ದು ಇಲ್ಲಿ ಹರಿದಾಡುವ ಏಡಿಗಳಿಗೆ ಜಾಗ ಮಾಡಿಕೊಡಲು ಎಂದಾಯಿತು. ಶ್ರೀಮಂತರ ಹಾಯಿದೋಣಿಗಳು ಈ ಕಡೆಯ ದ್ವೀಪಗಳಿಗೆ ಬಂದು ವಾರಗಟ್ಟಲೆ ತಂಗುತ್ತವಂತೆ. ಇಲ್ಲೇ ಹುಟ್ಟಿದವರು ಮಾತ್ರ ಸಂಜೆಯೊಳಗೆ ಜಾಗ ಖಾಲಿ ಮಾಡಬೇಕು.

ಎಲ್ಲರೂ ಮಚ್ಚು ಹಿಡಿದು ಗೋರಿಗಳ ಮೇಲಿನ ಪೊದೆ ಸವರತೊಡಗಿದರು. ಮಾರ್ಸೆಲಿನ್ ಅತ್ತೆ ಕೂಸುಗಳನ್ನು ಹೂಳುತ್ತಿದ್ದ ಮೂಲೆಗೆ ಹೋಗಿ, ಅಂಬೆಗಾಲಿಟ್ಟು, ಕೊಳೆತ ಸೋಗೆ ಸರಿಸಿ ಸರಿಸಿ ಹುಡುಕಿದಳು. ಅಪ್ಪನೂ ಸ್ವಲ್ಪ ಆಚೆ ಕೂತು ಕಳೆ ಕಿತ್ತ. ಅವಳು ಹೋಗು ಅನ್ನಲಿಲ್ಲ, ತಿರುಗಿ ನೋಡಲೂ ಇಲ್ಲ. ಮಗು ಎಲ್ಲಿದೆಯೆಂದು ತಿಳಿಯಲೇ ಇಲ್ಲ. ಕಡೆಗೆ ಅವಳು ತಂದಿದ್ದ ಹೂವನ್ನೆಲ್ಲ ಬಿಡಿಸಿ ಇಡೀ ಮೂಲೆಗೆ ಚೆಲ್ಲಿದಳು, ಒಂದು ಎಸಳಾದರೂ ತನ್ನ ಕಂದನಿಗೆ ಸಿಗಲಿ ಎಂದು.

ಹೊರಡುವ ಹೊತ್ತಾಯಿತೆಂದು ಕೂಗಿದರು. ಒಬ್ಬರೂ ಏಳಲಿಲ್ಲ. ಗೋರಿಗಳ ನಡುವೆಯೇ ಕೂತುಬಿಟ್ಟರು. ಸೈನಿಕರು ಮುಖ ಮುಖ ನೋಡಿಕೊಂಡರು. ಹಳೆಯ ಮೇಸ್ತ್ರಿ ಇವನೇ ಎಂದು ಯಾರೋ ಬುದ್ಧಿವಂತರು ತೋರಿಸಿರಬೇಕು, ಎಳೆ ವಯಸ್ಸಿನ ಅಧಿಕಾರಿಯೊಬ್ಬ ನಮ್ಮ ಹತ್ತಿರ ಬಂದು, ಟೊಪ್ಪಿಗೆ ತೆಗೆದು, ತುಂಬಾ ವಿನಯದಿಂದ ಮಾತಾಡಿದ. ಹೋಟೆಲಿನಲ್ಲಿ ಹಾಸಿಗೆ ಬಟ್ಟೆ ಒಗೆದು ಕಲಿತ ನನ್ನ ಇಂಗ್ಲಿಷು ಆ ಗಳಿಗೆಯಲ್ಲಿ ಮರೆತುಹೋಗಬಾರದಿತ್ತೇ ಅನ್ನಿಸಿತು.

"ಅಪ್ಪಾ, ಜನರನ್ನ ದೋಣಿ ಹತ್ತಿಸು ಅಂತಾನೆ. ನೀನು ಹೇಳಿದ್ರೆ ಕೇಳ್ತಾರಂತೆ."

ಅಪ್ಪ ನನ್ನ ಕೈ ಬಿಡಿಸಿಕೊಂಡು ನೆಲದ ಮೇಲೆ ಕುಸಿದು ಕೂತ.

"ಆಗಲ್ಲ ಅನ್ನು. ನನ್ನ ಬಾಯಲ್ಲಿ ಇನ್ನೊಂದ್ಸಲ ಆ ಮಾತು ಬರಲ್ಲ. ಬೇಕಾದ್ರೆ ನನ್ನ ಇಲ್ಲೇ ಬಿಟ್ಟು ಹೋಗ್ಲಿ."

ಅಧಿಕಾರಿ ಗಡಿಯಾರ ನೋಡಿಕೊಂಡ. ಅವನ ಕಡೆಯವರು ಹತ್ತಿರ ಹತ್ತಿರ ಬರತೊಡಗಿದರು. ನಮ್ಮವರೆಲ್ಲ ಅಪ್ಪನನ್ನೇ ನೋಡುತ್ತಿದ್ದರು. ಆಗ ಮಾರ್ಸೆಲಿನ್ ಅತ್ತೆ ಎದ್ದು, ಮೊಣಕಾಲಿನ ಮಣ್ಣು ಕೂಡ ಕೊಡವದೆ, ಬಂದು ಅವನ ಮುಂದೆ ನಿಂತಳು.

"ಏಳು, ಮೇಸ್ತ್ರಿ."

ಅಪ್ಪ ಏನೋ ಹೇಳಲು ಹೋದ. ಅವಳು ಬಿಡಲಿಲ್ಲ.

"ಕ್ಷಮಿಸ್ಬಿಟ್ಟೆ ಅಂದ್ಕೋಬೇಡ. ಕ್ಷಮಿಸಿಲ್ಲ. ಆದ್ರೆ ಆ ಮಾತು ಮತ್ತೆ ನೀನು ಹೇಳೋದು ಬೇಡ. ನಾನೇ ಹೇಳ್ತೀನಿ."

ಜನರ ಕಡೆ ತಿರುಗಿ, ಎಲ್ಲರೂ ಏಳಿ, ದೋಣಿ ಹತ್ತಿ ಎಂದಳು. ಒಬ್ಬೊಬ್ಬರಾಗಿ ಎದ್ದರು. ಅಪ್ಪನಿಗೆ ಏಳಲಾಗಲಿಲ್ಲ, ಒಂದು ಕಡೆ ನಾನು, ಇನ್ನೊಂದು ಕಡೆ ಅವಳು ರಟ್ಟೆ ಹಿಡಿದು ಎಬ್ಬಿಸಿದೆವು. ತಿರುಗಿ ಬರುತ್ತೇವೆ ಎಂದು ಅವಳು ಯಾರಿಗೂ ಹೇಳಲಿಲ್ಲ.