ಟ್ರಂಕಿನ ತಳದ ಬೂದು ಪ್ಯಾಂಟು

ಬೀರುವಿನಲ್ಲಿದ್ದ ಆರನೆಯ ಪ್ಯಾಂಟನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡಿ ಡಾಕ್ಟರರ ಹೆಂಡತಿ ಮಂಚದ ಮೇಲೆ ಎಸೆದಳು. ಅದೂ ಮಂಡಿಯ ಹತ್ತಿರ ಜರಡಿ. ಇನ್ನೊಂದು ಗಂಟೆಯೊಳಗೆ ಗಂಡನ ದೇಹಕ್ಕೆ ಬಟ್ಟೆ ತೊಡಿಸಬೇಕು. ಕೆಳಗಿನ ಹಜಾರದಲ್ಲಿ ಜನ ಆಗಲೇ ಸೇರುತ್ತಿದ್ದರು.

“ಸತ್ತ ದಿನ ಖಂಡಿತ ಒಳ್ಳೇ ಪ್ಯಾಂಟ್ ಹಾಕ್ತೀನಿ ಅಂತ ಮಾತು ಕೊಟ್ಟಿದ್ರು ನಿಮ್ಮಣ್ಣ,” ಎಂದಳು.

ನಾದಿನಿ ಮೂಗು ಒರೆಸಿಕೊಂಡಳು. “ಅಣ್ಣ ಟೈಮಿಗೆ ತಪ್ತಿದ್ದ ಅತ್ತಿಗೆ, ಮಾತಿಗಲ್ಲ.”

ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ಒಂದು ಹೊಸ ಬೂದು ಪ್ಯಾಂಟು ಇತ್ತು. ಯಾವುದಾದರೂ ಸಭೆಗೆ ಬೇಕಾದೀತೆಂದು, ಗಂಡನ ಕಣ್ಣಿಗೆ ಬೀಳದಂತೆ, ಅವಳೇ ಅದನ್ನು ಟ್ರಂಕಿನ ತಳದಲ್ಲಿ ಸ್ವೆಟರುಗಳ ಕೆಳಗೆ ಬಚ್ಚಿಟ್ಟಿದ್ದಳು.

\*

ಅವರು ಮಕ್ಕಳ ನರರೋಗದ ವೈದ್ಯರು. ಕುರ್ಚಿಯಲ್ಲಿ ಕೂತು ಮಗುವನ್ನು ಪರೀಕ್ಷಿಸಿದ್ದನ್ನು ಯಾರೂ ಕಂಡಿರಲಿಲ್ಲ. ನೆಲಕ್ಕಿಳಿದು, ಮಗುವಿನೆದುರು ತಾವೂ ಅಂಬೆಗಾಲಿಡುತ್ತಿದ್ದರು. ಜೊತೆಯವರು ‘ಅಂಬೆಗಾಲು ಡಾಕ್ಟರು’ ಎಂದು ಆಡಿಕೊಂಡರು.

ಒಮ್ಮೆ ಐದು ತಿಂಗಳ ಕೂಸೊಂದು ಬಂತು. ಆಗಾಗ ಮೈ ಮಡಚಿ ಬೆಚ್ಚುತ್ತಿತ್ತು. ಹೊಟ್ಟೆನೋವು ಎಂದು ಮೂವರು ವೈದ್ಯರು ಕೈ ತೊಳೆದುಕೊಂಡಿದ್ದರು. ಇವರು ನೆಲಕ್ಕೆ ಕೆನ್ನೆಯೂರಿ ಅದರ ಪಕ್ಕ ಎರಡು ಗಂಟೆ ಮಲಗಿದರು. ಪ್ರತಿ ಸಲ ಬೆಚ್ಚುವ ಮುಂಚೆ, ಚಿಟಿಕೆ ಹೊಡೆಯುವಷ್ಟು ಹೊತ್ತು, ಕಣ್ಣುಗುಡ್ಡೆ ಮೇಲಕ್ಕೆ ಸರಿಯುತ್ತಿತ್ತು. ಮೇಲಿನಿಂದ ಬಗ್ಗಿ ನೋಡಿದವರಿಗೆ ಅದು ಕಂಡಿರಲಿಲ್ಲ. ಅದು ಹೊಟ್ಟೆನೋವಲ್ಲ, ಮೆದುಳಿನಿಂದ ಬರುವ ಸೆಳವು, ಮೂರ್ಛೆರೋಗದ ಒಂದು ಬಗೆ.

ಆಮೇಲೆ ಹನ್ನೆರಡು ವರ್ಷ ನೂರಾರು ಕೂಸುಗಳ ಪಕ್ಕ ಮಲಗಿ, ಎಣಿಸಿ, ಬರೆದು, ಕಣ್ಣಿನ ಆ ಸುಳಿವನ್ನು ಲೋಕ ಒಪ್ಪುವಂತೆ ಮಾಡಿದರು. ಮನೆಯಲ್ಲಿ ಹೆಂಡತಿ ಸೂಜಿಗೆ ದಾರ ಪೋಣಿಸುತ್ತಾ, ಸಂಶೋಧನೆ ನಿಮ್ಮದು, ತೇಪೆ ನನ್ನದು ಎಂದು ರೇಗುತ್ತಿದ್ದಳು.

\*

ಟ್ರಂಕಿನಿಂದ ತೆಗೆದ ಬೂದು ಪ್ಯಾಂಟು ನೀಟಾಗಿ ಇಸ್ತ್ರಿಯಾಗಿತ್ತು. ಬಿಡಿಸಿದರೆ ಎರಡೂ ಮಂಡಿಯಲ್ಲಿ ಬಿಳಿಚಿದ ದುಂಡು ಗುರುತು.

ಬಾಗಿಲಲ್ಲಿ ನಿಂತಿದ್ದ ಆಸ್ಪತ್ರೆಯ ವಾರ್ಡಿನ ಹಿರಿಯ ನರ್ಸ್ ತಲೆ ತಗ್ಗಿಸಿದಳು.

“ಹೇಳ್ಬಾರ್ದು ಅಂತ ಆಣೆ ಮಾಡಿಸ್ಕೊಂಡಿದ್ರು ಅಮ್ಮ. ನಮ್ಮ ಕೂಸು ಅಂಬೆಗಾಲಿಡ್ತಿದೆ, ತೋರಿಸೋಕೆ ಬರ್ತೀವಿ ಅಂತ ಯಾರಾದ್ರೂ ಫೋನ್ ಮಾಡಿದ್ರೆ, ಅವತ್ತು ಇದನ್ನ ಚೀಲದಲ್ಲಿ ತಂದು ಹಾಕ್ಕೊಳ್ಳೋರು. ಆ ಕೂಸಿನ ಹಿಂದೆ ವಾರ್ಡೆಲ್ಲ ಒಂದು ಸುತ್ತು. ಒಗೆದು ಇಸ್ತ್ರಿ ಮಾಡಿ ಕೊಡ್ತಿದ್ದದ್ದು ನಾನೇ. ಮತ್ತೆ ಟ್ರಂಕಿನ ತಳಕ್ಕೇ ಇಡೋರಂತೆ.”

“ಎಷ್ಟು ಸಲ?”

“ಲೆಕ್ಕ ಎಲ್ಲಿಂದ ಇಡೋದು? ಬಟ್ಟೆ ನೋಡಿ, ಗೊತ್ತಾಗುತ್ತೆ.”

ಹೆಂಡತಿ ಹೆಬ್ಬೆರಳಿನಿಂದ ಆ ಗುರುತನ್ನು ಸವರಿದಳು. ಇದನ್ನೇ ತೊಡಿಸಿ ಎಂದಳು. ಆದರೂ ಜನರ ಕಣ್ಣಿಗೆ ಬೀಳದಿರಲೆಂದು ಪಾದದಿಂದ ಮಂಡಿ ಮುಚ್ಚುವವರೆಗೆ ಬಿಳಿ ಹೊದಿಕೆ ಹೊದಿಸಿ, ಹಜಾರದಲ್ಲಿ ದೇಹದ ಪಕ್ಕದ ತಗ್ಗು ಸ್ಟೂಲಿನ ಮೇಲೆ ಕೂತಳು.

ವಾರ್ಡಿನಿಂದ ನೇರ ಬಂದ ಶಿಷ್ಯರು ಸಾಲಾಗಿ ಎದುರಿಗೆ ನಿಂತರು. ಕೂತಿದ್ದವಳ ಕಣ್ಣಿನ ಮಟ್ಟಕ್ಕೆ ಕಂಡದ್ದು ಅವರ ಮಂಡಿಗಳು. ಕಪ್ಪು, ನೀಲಿ, ಕಂದು ಪ್ಯಾಂಟುಗಳು. ಎಲ್ಲವೂ ಒಂದೇ ಜಾಗದಲ್ಲಿ ಬಿಳಿಚಿದ್ದವು.

ಅವಳು ಕೈ ಚಾಚಿ ಹೊದಿಕೆಯನ್ನು ಒಂದು ಗೇಣು ಪಾದದ ಕಡೆಗೆ ಎಳೆದಳು.