ಸೋಪಿನ ಪೊರೆಯ ಅಳತೆ

೨೦೨೦ರ ಏಪ್ರಿಲ್. ಐರಿಷ್ ಕಡಲೂರು ಗಾಲ್ವೇಯ ವೈದ್ಯಕೀಯ ಉಪಕರಣಗಳ ಕಂಪನಿಯೊಂದರಲ್ಲಿ ಉಸಿರಾಟಕ್ಕೆ ನೆರವಾಗುವ ಹೊಸ ವಾಲ್ವ್ ಒಂದರ ಮಾದರಿ ಸಿದ್ಧವಾಗಿತ್ತು. ಅದರೊಳಗೆ ಆಮ್ಲಜನಕ ಎಷ್ಟು ವೇಗವಾಗಿ ಹರಿಯುತ್ತದೆಂದು ಅಳೆಯುವ ಯಂತ್ರ ಮಾತ್ರ ರಿಪೇರಿಗೆಂದು ಜರ್ಮನಿಗೆ ಹೋಗಿ, ಲಾಕ್‌ಡೌನಿನಲ್ಲಿ ಅಲ್ಲೇ ಸಿಕ್ಕಿಕೊಂಡಿತ್ತು.

"ಇನ್ನೂ ಆರು ವಾರ ಅಂತೆ ಮೇಡಂ. ಏನ್ ಮಾಡೋದು?" ಎಂದು ಗಗನ್ ಕೇಳಿದ. ಮೈಸೂರಿನ ಗಗನ್ ತಂಡದ ಮುಖ್ಯಸ್ಥ, ಅದೇ ತಂಡದ ಹಿರಿಯ ಇಂಜಿನಿಯರ್ ವಿನೋದಿನಿಗಿಂತ ಹದಿನೈದು ವರ್ಷ ಚಿಕ್ಕವನು.

ವಿನೋದಿನಿಯ ಮನಸ್ಸು ಆಗಲೇ ಬೆಂಗಳೂರಿನ ಸರ್ಕಾರಿ ಕಾರ್ಖಾನೆಯೊಂದರ ಸಂಶೋಧನಾ ಕೋಣೆಗೆ ಹೋಗಿತ್ತು. ಅದು ಅವಳ ಮೊದಲ ಕೆಲಸ. ತೊಂಬತ್ತೊಂದರಲ್ಲಿ ಆಮದು ಮುಕ್ತವಾದ ನಂತರ, ಹೊರಗಿನಿಂದ ತರಿಸುವುದೇ ಅಗ್ಗ ಎಂದು ಮೇಲಿನವರು ಸಂಶೋಧನೆಗೆ ದುಡ್ಡು ನಿಲ್ಲಿಸಿದ್ದರು. ಹಿರಿಯ ಸಿದ್ದಲಿಂಗಯ್ಯನವರು ಎದೆಗುಂದಲಿಲ್ಲ. ಗಾಜಿನ ಕೊಳವೆಯೊಳಗೆ ಸೋಪಿನ ಪೊರೆ ಎಬ್ಬಿಸಿ, ಕೆಳಗಿನ ಗಾಳಿ ತಳ್ಳಿದಂತೆ ಅದು ಒಂದು ಗೆರೆಯಿಂದ ಇನ್ನೊಂದಕ್ಕೆ ಏರುವ ಹೊತ್ತನ್ನು ಸ್ಟಾಪ್‌ವಾಚಿನಲ್ಲಿ ಹಿಡಿದು ಗಾಳಿಯ ಹರಿವನ್ನು ಅಳೆಯುತ್ತಿದ್ದರು. "ಮೇಜು ಮುಟ್ಬೇಡಮ್ಮ, ಪೊರೆ ಒಡೆಯುತ್ತೆ" ಎನ್ನುತ್ತಿದ್ದರು. ಮೂರು ಗಂಟೆಗೆ ಕ್ಯಾಂಟೀನಿನಿಂದ ಬರುತ್ತಿದ್ದ ಒಂದೇ ಫ್ಲಾಸ್ಕ್ ಕಾಫಿಯನ್ನು ಕೋಣೆಯ ಐವರೂ ಹಂಚಿಕೊಳ್ಳುತ್ತಿದ್ದರು. ತೊಂಬತ್ತೈದರಲ್ಲಿ ಆ ಕೋಣೆಗೆ ಬೀಗ ಬಿತ್ತು.

ಅವಳು ಕೊಳವೆಯ ಚಿತ್ರ ಬರೆದು ಪಕ್ಕದ ಮೇಜಿನ ಯುರ್ಗಿಸ್‌ಗೆ ದೂರದಿಂದಲೇ ತೋರಿಸಿದಳು. ಲಿಥುವೇನಿಯಾದ ಯುರ್ಗಿಸ್ ಜೋರಾಗಿ ನಕ್ಕುಬಿಟ್ಟ.

"ಕೌನಸ್‌ನಲ್ಲಿ ನಾವೂ ಇದನ್ನೇ ಮಾಡ್ತಿದ್ವಿ! ಸೋವಿಯತ್ ಒಕ್ಕೂಟ ಹೋದ್ಮೇಲೆ ನಮ್ಮ ಸಂಸ್ಥೆಗೆ ಕಾಸೇ ಇರಲಿಲ್ಲ. ಚಳಿಗೆ ಸೋಪಿನ ನೀರೇ ಗಟ್ಟಿಯಾಗ್ತಿತ್ತು."

ಒಂಬತ್ತು ವರ್ಷ ಪಕ್ಕಪಕ್ಕದಲ್ಲಿ ಕೆಲಸ ಮಾಡಿದ್ದರೂ ಇಬ್ಬರಿಗೂ ಇದು ಗೊತ್ತಿರಲಿಲ್ಲ.

ಸ್ಟೋರಿನಿಂದ ಗಾಜಿನ ಕೊಳವೆ, ಕ್ಯಾಂಟೀನಿನಿಂದ ಪಾತ್ರೆ ತೊಳೆಯುವ ಸೋಪು ತಂದರು. ಎರಡು ದಿನ ಪೊರೆ ಒಡೆಯುತ್ತಲೇ ಇತ್ತು. ಯುರ್ಗಿಸ್ ಗ್ಲಿಸರಿನ್ ಬೆರೆಸಿದ ಮೇಲೆ ಅದು ಮೇಲಿನ ಗೆರೆಯವರೆಗೂ ನಿಧಾನವಾಗಿ ಏರಿತು. ಹರಿವು ಮೊದಲೇ ಗೊತ್ತಿದ್ದ ಹಳೆಯ ವಾಲ್ವ್ ಒಂದನ್ನು ಅಳೆದು ನೋಡಿದರು. ವ್ಯತ್ಯಾಸ ನೂರಕ್ಕೆ ಒಂದೂ ಇರಲಿಲ್ಲ.

"ಗ್ರ್ಯಾಂಡ್, ಮೇಡಂ! ಇದನ್ನೆಲ್ಲಿ ಕಲಿತ್ರಿ?" ಎಂದ ಗಗನ್, ಅಲ್ಲಿನವರ ಮಾತಿನ ಧಾಟಿಯಲ್ಲಿ.

"ಮುಚ್ಚಿಹೋದ ರೂಮಲ್ಲಿ ಕಣಪ್ಪ."

ಹೊಸ ವಾಲ್ವಿನ ಹರಿವನ್ನೂ ಹೀಗೇ ಅಳೆದರು; ಮೇ ತಿಂಗಳಲ್ಲಿ ಮಾದರಿ ಆಸ್ಪತ್ರೆಯ ಪರೀಕ್ಷೆಗೆ ಹೋಯಿತು. ಸೆಪ್ಟೆಂಬರಿನಲ್ಲಿ ಯುರ್ಗಿಸ್ ಕೆಲಸ ಬಿಟ್ಟ. ಅವನ ಹಳೆಯ ಸಂಸ್ಥೆಗೆ ಈಗ ಸಂಶೋಧನೆಯ ಹಣ ಬಂದಿತ್ತು.

"ಹೊಸ ಯಂತ್ರಗಳೆಲ್ಲ ಬಂದಿವೆ. ಕಲಿಸೋಕೆ ಜನ ಇಲ್ಲ, ಅದಕ್ಕೇ ಕರೆದಿದ್ದಾರೆ" ಎಂದ.

ವಿನೋದಿನಿ ಮನಸಾರೆ ಶುಭ ಹಾರೈಸಿದಳು. ಆ ಸಂಜೆ ಕಡಲ ಬಳಿ ಕಾರು ನಿಲ್ಲಿಸಿ ಬಹಳ ಹೊತ್ತು ಕೂತಳು. ಅವಳನ್ನು ವಾಪಸ್ ಕರೆಯಲು ಬೆಂಗಳೂರಿನ ಆ ಕಾರ್ಖಾನೆಯೇ ಉಳಿದಿರಲಿಲ್ಲ. ಆ ಜಾಗದಲ್ಲೀಗ ಮಾಲ್ ಇತ್ತು.

ಸೋಮವಾರ ಗಗನ್ ಹತ್ತಿರ ಕೇಳಿದಳು: "ಪ್ರತಿ ಶುಕ್ರವಾರ ಎರಡು ಗಂಟೆ ನಂಗೆ ಬಿಟ್ಟುಕೊಡ್ತೀಯಾ? ಹೊಸಬರಿಗೆ ಕೈಯಲ್ಲಿ ಮಾಡೋ ಕೆಲಸ ಒಂದಷ್ಟು ಹೇಳಿಕೊಡ್ತೀನಿ."

ಮೊದಲ ಶುಕ್ರವಾರ ನಾಲ್ವರು ಬಂದು ದೂರ ದೂರ ನಿಂತರು. ಅವಳು ಗಾಜಿನ ಕೊಳವೆ ಕತ್ತರಿಸುವುದರಿಂದ ಶುರುಮಾಡಿದಳು.